ಹಲ್ಲಕ್ಕನ ತೀರ್ಪು

“ಇದು ಗಾಜು,” ಎಂದಳು ಹಲ್ಲಕ್ಕ, ಮಣಿಯನ್ನು ಬಾಯಿಂದ ತೆಗೆದು ಬಟ್ಟೆಗೆ ಒರೆಸುತ್ತಾ.

ಎದುರಿಗಿದ್ದ ಹೆಂಗಸಿನ ಮುಖ ಬಿಳಿಚಿಕೊಂಡಿತು. ಮುಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಕೆಲಸದ ನಡುವೆ ಎದ್ದು ಬಂದದ್ದರಿಂದ ಅಳತೆ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ತೀರಿಹೋದ ತಾಯಿಯ ಒಂದೆಳೆ ಸರದ ದಾರ ಹರಿದಿತ್ತು, ಪೋಣಿಸಿಕೊಡಿ ಎಂದಷ್ಟೇ ಕೇಳಲು ಬಂದಿದ್ದಳು.

“ಅಪ್ಪಟ ಮುತ್ತು, ಜೋಪಾನ ಅಂತ ಕೈ ಹಿಡ್ಕೊಂಡು ಹೇಳಿದ್ಲು ನಮ್ಮಮ್ಮ. ಹಂಗಾದ್ರೆ ಸಾಯೋ ಹೊತ್ತಲ್ಲೂ ಸುಳ್ಳು ಹೇಳಿದ್ಲಾ?”

ಹಲ್ಲಕ್ಕ ಮಣಿಯನ್ನು ವಾಪಸ್ ಸರಿಸಿದಳು. ಆ ಮುತ್ತಿನ ಅಂಗಡಿಯ ಕಿಟಕಿಯ ಪಕ್ಕ ಮೂವತ್ತೊಂದು ವರ್ಷದಿಂದ ಕೂತು, ಬಂದದ್ದನ್ನೆಲ್ಲ ನಾಲ್ಕು ಬಟ್ಟಲಿಗೆ ಹಂಚುವುದು ಅವಳ ಕೆಲಸ. ಚಿಪ್ಪಿನಲ್ಲಿ ತಾನಾಗಿ ಹುಟ್ಟಿದ್ದಕ್ಕೊಂದು, ಕಡಲಲ್ಲಿ ಸಾಕಿ ಬೆಳೆಸಿದ್ದಕ್ಕೊಂದು, ಹೊಳೆನೀರಿನದಕ್ಕೊಂದು, ಬರೀ ಗಾಜಿಗೊಂದು. ಅನುಮಾನ ಬಂದರೆ ಮುಂದಿನ ಹಲ್ಲಿಗೆ ಉಜ್ಜುವಳು. ಮುತ್ತಾದರೆ ಸಣ್ಣ ಮರಳು ಸವರಿದಂತೆ ತರಿತರಿಯಾಗಿ ಸಿಗುತ್ತದೆ, ಗಾಜಾದರೆ ಸುಮ್ಮನೆ ಜಾರುತ್ತದೆ. ಆ ಹಲ್ಲು ಒಮ್ಮೆಯೂ ತಪ್ಪು ಹೇಳಿರಲಿಲ್ಲ. ಹೆಸರು ಬಂದದ್ದೂ ಅದರಿಂದಲೇ. ಹಲ್ಲಕ್ಕ ಗಾಜು ಅಂದರೆ ಮುಗಿಯಿತು, ಮೇಲೆ ಹೇಳುವವರಿಲ್ಲ. ಹೊಲಿಗೆಯವಳು ಮಣಿಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದಳು.

ಹಲ್ಲಕ್ಕ ಹೊಳೆಮುತ್ತಿನ ಹೊಸ ಪೊಟ್ಟಣ ಬಿಚ್ಚಿದಳು. ಮೊದಲನೆಯದು ಹಲ್ಲಿನ ಮೇಲೆ ಜಾರಿತು. ಎರಡನೆಯದೂ ಜಾರಿತು. ಇಪ್ಪತ್ತು ವರ್ಷದಿಂದ ಒಂದೂ ಕೆಟ್ಟ ಕಾಳು ಕಳಿಸದ ವ್ಯಾಪಾರಿಗೆ ಇದ್ದಕ್ಕಿದ್ದಂತೆ ಏನಾಯಿತು? ಅವಳು ತನ್ನ ಕಿವಿಯ ಓಲೆಯನ್ನೇ ತಿರುಗಿಸಿ ತೆಗೆದಳು. ಮೊದಲ ಸಂಬಳದಲ್ಲಿ ತಾನೇ ಆರಿಸಿ ಕೊಂಡ ಮುತ್ತು, ಅದರಲ್ಲಿ ಎರಡು ಮಾತಿಲ್ಲ. ಉಜ್ಜಿದಳು. ಸೋಪಿನ ಚೂರಿನಂತೆ ಜಾರಿತು.

ಆಗ ಹೊಳೆಯಿತು. ನಿನ್ನೆ ಸಂಜೆಯಷ್ಟೇ ದಂತವೈದ್ಯರು ಮೇಲಿನ ಸಾಲಿಗೆ ನುಣುಪಾದ ಹೊಸ ಹಲ್ಲುಸೆಟ್ಟು ಕೂರಿಸಿದ್ದರು. ಹತ್ತು ವರ್ಷ ಚಿಕ್ಕವಳಾದೆ ಎಂದು ಮನೆಯವರೆಲ್ಲ ಹೊಗಳಿದ್ದರು. ಆ ಹೊಗಳಿಕೆಗೆ ಉಬ್ಬಿ ಬಂದು ಕೂತವಳ ಮೊದಲ ಗಿರಾಕಿಯೇ ಹೊಲಿಗೆಯವಳು. ಕಣ್ಣು ಮುತ್ತು ಎಂದಿತ್ತು, ಹಲ್ಲು ಗಾಜು ಎಂದಿತ್ತು, ತಾನು ಹಲ್ಲನ್ನು ನಂಬಿದ್ದಳು. ಒಬ್ಬ ಸತ್ತ ಹೆಂಗಸನ್ನು ಸುಳ್ಳುಗಾರ್ತಿ ಮಾಡಿ ಕಳಿಸಿದ್ದಳಲ್ಲ! ಅವಳು ಎದ್ದು ಚಪ್ಪಲಿ ಮೆಟ್ಟಿದಳು.

ಎಲ್ಲ ನೋಡುತ್ತಿದ್ದ ಅಂಗಡಿಯ ಯಜಮಾನ ಅಡ್ಡ ನಿಂತ. “ಎಲ್ಲಿಗೆ? ಹೋದವಳು ಹೋದ್ಲು, ಬಿಡಿ ಅಕ್ಕಾ. ಹಲ್ಲಕ್ಕನ ಹಲ್ಲೇ ತಪ್ಪು ಅಂತ ಗೊತ್ತಾದ್ರೆ ನಾಳೆ ನಮ್ಮ ಮೆಟ್ಟಿಲು ಯಾರು ಹತ್ತುತಾರೆ? ಆಮೇಲೆ ಆ ಕುರ್ಚೀಲಿ ನಿಮ್ಮನ್ನ ಕೂರಿಸೋಕೂ ಆಗಲ್ಲ.”

“ಕುರ್ಚಿ ನಿಮ್ಮದು, ಇಟ್ಕೊಳ್ಳಿ. ತಪ್ಪು ನಂದು. ದಾರಿ ಬಿಡಿ.”

ಹಲ್ಲಕ್ಕ ಹೊಲಿಗೆ ಅಂಗಡಿಗೆ ಬಂದು, ಅದು ಗಾಜಲ್ಲ, ತಪ್ಪು ಹೊಸ ಹಲ್ಲಿನದು ಎಂದಾಗ ಹೊಲಿಗೆಯವಳು ತಲೆ ಎತ್ತಲಿಲ್ಲ. ಯಂತ್ರ ಒಂದೇ ಸಮ ಓಡುತ್ತಿತ್ತು. “ಸಮಾಧಾನ ಮಾಡೋಕೆ ಬಂದ್ರಾ? ಅಲ್ಲಿ ಹಂಗಂದು ಇಲ್ಲಿ ಹಿಂಗಂದ್ರೆ ನಾನು ಯಾವುದನ್ನ ನಂಬ್ಲಿ?”

“ನನ್ನನ್ನ ನಂಬಬೇಡ. ನಿನ್ನ ಗುಂಡಿ ಡಬ್ಬಿ ತೆಗಿ.”

ಹಲ್ಲಕ್ಕ ಡಬ್ಬಿಯಿಂದ ಮುತ್ತಿನ ಹಾಗೆ ಹೊಳೆಯುವ ಒಂದು ಗಾಜಿನ ಗುಂಡಿ ಹುಡುಕಿ ಕೊಟ್ಟಳು. “ಹಲ್ಲಿಗೆ ಉಜ್ಜು.” ಉಜ್ಜಿದಳು, ಜಾರಿತು. “ಈಗ ನಿಮ್ಮಮ್ಮಂದು.” ಹೊಲಿಗೆಯವಳು ಕರ್ಚೀಫು ಬಿಚ್ಚಿ ಒಂದು ಮಣಿಯನ್ನು ಹಲ್ಲಿಗೆ ತಾಗಿಸಿದಳು. ಅವಳ ಕೈ ನಿಂತಿತು. ಇನ್ನೊಂದು ತೆಗೆದಳು, ಮತ್ತೊಂದು ತೆಗೆದಳು. ಐದನೆಯದಕ್ಕೆ ಕಣ್ಣು ತುಂಬಿತು.

“ಮರಳಿದ್ದಂಗಿದೆ,” ಎಂದಳು.

ಹಲ್ಲಕ್ಕ ತಾನು ತಂದಿದ್ದ ಭೂತಗನ್ನಡಿ ಹಿಡಿದು ಮಣಿಯ ತೂತಿನೊಳಗೆ ನೋಡಿದಳು. ಒಳಗಿನ ತಿರುಳಿಗೂ ಹೊರಗಿನ ಪದರಕ್ಕೂ ನಡುವೆ ಕೂದಲೆಳೆಯಷ್ಟು ಗೆರೆ. ಇಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು, ಆದರೆ ಒಂದೇ ದಿನ ಎರಡು ಸಲ ತಪ್ಪು ಹೇಳಲು ಅವಳಿಗೆ ಮನಸ್ಸಿರಲಿಲ್ಲ. “ಇದು ತಾನಾಗಿ ಹುಟ್ಟಿದ್ದಲ್ಲ, ಸಾಕಿದ್ದು. ಮನುಷ್ಯರು ಚಿಪ್ಪಿನೊಳಗೆ ಒಂದು ಮಣಿ ಇಟ್ಟು ಕಡಲಲ್ಲಿ ಬಿಡ್ತಾರೆ. ಮೇಲಿನ ಈ ಪದರ ಎಲ್ಲಾ ಆ ಚಿಪ್ಪೇ ವರ್ಷಗಟ್ಟಲೆ ಕೂತು ಕಟ್ಟಿದ್ದು. ಮುತ್ತೇ ಕಣೇ. ನಿಮ್ಮಮ್ಮ ಸುಳ್ಳು ಹೇಳಿಲ್ಲ. ಏಳು, ಅದೇ ಅಂಗಡೀಲಿ, ಎಲ್ಲರ ಮುಂದೆ ಪೋಣಿಸಿ ಕೊಡ್ತೀನಿ.”

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಯಜಮಾನ ಕಣ್ಣಲ್ಲೇ ಬೇಡಿಕೊಂಡ. ಹಲ್ಲಕ್ಕ ಗಂಟಲು ಸರಿಮಾಡಿಕೊಂಡು, ಬೆಳಗ್ಗೆ ಗಾಜು ಅಂದದ್ದು ತನ್ನ ತಪ್ಪು, ಇದು ಮುತ್ತು ಎಂದು ಮೂಲೆಯವರಿಗೂ ಕೇಳುವಂತೆ ಹೇಳಿದಳು. ಆಮೇಲೆ ಕೂತು, ಒಂದೊಂದು ಮುತ್ತಿನ ನಡುವೆ ಒಂದೊಂದು ಗಂಟು ಹಾಕುತ್ತಾ ಸರ ಪೋಣಿಸಿದಳು. ಹೊಲಿಗೆಯವಳು ಅದನ್ನು ಅಳತೆ ಟೇಪಿನ ಮೇಲೆಯೇ ಹಾಕಿಕೊಂಡು ಹೋದಳು.

ಗಿರಾಕಿಗಳು ಯಾರೂ ಎದ್ದು ಹೋಗಲಿಲ್ಲ. ಬದಲಿಗೆ ಒಬ್ಬಾಕೆ ತನ್ನ ಬಳೆಯ ಮುತ್ತನ್ನು ಮುಂದೆ ಚಾಚಿ, “ಇದನ್ನೂ ನೋಡಿ ಅಕ್ಕಾ,” ಎಂದಳು. ಮುನಿಸಿಕೊಂಡಿದ್ದ ಯಜಮಾನ ಹೋಲಿಸಿ ತೋರಿಸಲೆಂದು ನಾಲ್ಕನೆಯ ಬಟ್ಟಲಿಗೆ ಕೈ ಹಾಕಿದವನೇ ಹೌಹಾರಿ ಹಿಂದಕ್ಕೆಳೆದುಕೊಂಡ. ಗಾಜಿನ ಮಣಿಗಳ ಮೇಲೆ ಹೊಸ ಹಲ್ಲುಸೆಟ್ಟು ನಗುತ್ತಾ ಕೂತಿತ್ತು.

“ಇದೇನಕ್ಕಾ ಇದು!”

“ಸರಿಯಾಗೇ ವಿಂಗಡಿಸಿದ್ದೀನಿ,” ಎಂದಳು ಹಲ್ಲಕ್ಕ ಬೊಚ್ಚು ಬಾಯಲ್ಲಿ. ಬಳೆಯನ್ನು ಬೆಳಕಿಗೆ ಹಿಡಿದು ನೋಡಿ, ಅವನ ಕಡೆ ತಿರುಗಿದಳು. “ನಿಮ್ಮ ಹಲ್ಲು ಸ್ವಂತದ್ದೇ ತಾನೆ? ಎಲ್ಲಿ, ಬಾಯಿ ತೆಗೀರಿ.”