ಕರಿಬೇವಿನ ಕುಂಡ

ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದ ವನಜಾಕ್ಷಿಯ ಕೈ ನಿಂತಿತು. ಮಣ್ಣಿನಿಂದ ಅರೆ ಕರಗಿದ ಬಿಳಿ ಮಾತ್ರೆಗಳು ಎದ್ದುಬಂದವು. ದಿನಾ ತಾನೇ ಗಂಡನ ಕೈಗಿಟ್ಟವು. ನುಂಗಿದಂತೆ ಮಾಡಿ, ಬಾಯಿ ತೆರೆದು ತೋರಿಸಿ, ಚಿದಾನಂದ ಅವನ್ನೆಲ್ಲ ಇಲ್ಲಿ ಹೂತಿದ್ದ.

ಅಡುಗೆಮನೆಯಲ್ಲಿ ಅವನು ಅವಲಕ್ಕಿಗೆ ಒಗ್ಗರಣೆ ಹಾಕುತ್ತ ಒಂದೇ ಸಮನೆ ಮಾತಾಡುತ್ತಿದ್ದ. ಹೋದ ವರ್ಷವೂ ಹೀಗೇ ಶುರುವಾಗಿತ್ತು. ಮೊದಲು ಮಾತು ಹೆಚ್ಚಿತು, ಆಮೇಲೆ ನಿದ್ದೆ ಹೋಯಿತು, ಕೊನೆಗೆ ಚೆನ್ನೈನ ಪ್ಯಾರೀಸ್ ಕಾರ್ನರಿನ ನಡುರಸ್ತೆಯಲ್ಲಿ ಅಂಗಿ ಬಿಚ್ಚಿ ಭಾಷಣ ಮಾಡುತ್ತಿದ್ದವನನ್ನು ಪೊಲೀಸರು ಹಿಡಿದು ಆಸ್ಪತ್ರೆಗೆ ಸೇರಿಸಿದ್ದರು. ಮಾತ್ರೆ ಬಿಟ್ಟದ್ದು ಗೊತ್ತಾದ ಕೂಡಲೇ ಫೋನ್ ಮಾಡಿ ಎಂದು ಡಾಕ್ಟರು ಹೇಳಿದ್ದರು. ವನಜಾಕ್ಷಿ ಮಾತ್ರೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಬಂದು ನಂಬರು ಒತ್ತಿದಳು.

"ವನೂ, ನಿನ್ನ ನೋಡಕ್ಕೆ ಬಂದಿದ್ನಲ್ಲ, ಅವತ್ತು ನಿಮ್ಮಪ್ಪ ಕೊಟ್ಟ ಕಾಫೀಲಿ ಇರುವೆ ಇತ್ತು ಕಣೇ. ಮರ್ಯಾದೆಗೆ ಅಂತ ಹಂಗೇ ಕುಡಿದುಬಿಟ್ಟೆ." ಅಡುಗೆಮನೆಯಿಂದ ಚಿದಾನಂದನ ದನಿ.

ಆಸ್ಪತ್ರೆಯಿಂದ ಬಂದಮೇಲೆ ಅವನು ಮಾತ್ರೆ ನುಂಗುತ್ತಿದ್ದ, ಉಣ್ಣುತ್ತಿದ್ದ, ಗೋಡೆ ನೋಡುತ್ತ ಕೂರುತ್ತಿದ್ದ. ವೇಲಚೇರಿಯ ಈ ಫ್ಲ್ಯಾಟಿನಲ್ಲಿ ಅವಳ ಜೊತೆ ಕನ್ನಡ ಆಡುವವರು ಬೇರೆ ಯಾರೂ ಇರಲಿಲ್ಲ. ವನೂ ಎಂದು ಕರೆಸಿಕೊಂಡು ವರ್ಷವೇ ಆಗಿತ್ತು.

ಅತ್ತಲಿಂದ ಡಾಕ್ಟರು "ಹಲೋ" ಎಂದರು.

"ಯಾರಿಗೇ ಫೋನು?" ಎಂದ ಚಿದಾನಂದ, ಸೌಟು ಹಿಡಿದುಕೊಂಡೇ ಇಣುಕಿ.

ಅವಳು ರಿಸೀವರ್ ಇಟ್ಟಳು. "ಯಾರಿಗೂ ಇಲ್ಲ ರೀ." ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತಳು. "ಇರುವೇನೂ ಕುಡಿದ್ರಾ? ಆಮೇಲೆ?"