ಮೆಣಸಿನಕಾಯಿಗೊಂದು ಕನ್ನಡಕ

ಮಾಘದ ಬಿಸಿಲಲ್ಲಿ ಹೆಂಗಸರು ಗುಡ್ಡಪ್ಪನ ಕಣದ ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬುತ್ತಿದ್ದರು. ಅಕಾಲದ ಮಳೆಗೆ ಸಿಕ್ಕು ಕಾಯಿ ಬಣ್ಣಗೆಟ್ಟಿತ್ತು. ನಾಳೆ ಮಾರುಕಟ್ಟೆಯಲ್ಲಿ ಯಾರೂ ಇದನ್ನು ಮೂಸಿ ನೋಡುವುದಿಲ್ಲವೆಂಬ ಚಿಂತೆಯಲ್ಲಿ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದು ಕಾಯಿ ಜೇಬಿಗಿಳಿಸಿ ಪೇಟೆಯ ಕನ್ನಡಕದಂಗಡಿಗೆ ಹೋದ.

"ಬಿಸಿಲಾಗ ಅಡ್ಡಾಡಾಕ ಕರೇದು, ಮಂಜಿನ್ಯಾಗ ಗಾಡಿ ಹೊಡಿಯಾಕ ಹಳದಿ. ನಿಮಗ ಯಾವ ಕೆಲಸಕ್ಕ ಬೇಕ್ರಿ?" ಅಂಗಡಿಯವ ಕೇಳಿದ.

ಗುಡ್ಡಪ್ಪ ಒಂದೊಂದನ್ನೇ ಏರಿಸಿಕೊಂಡು ಅಂಗೈಯಲ್ಲಿದ್ದ ಕಾಯಿ ನೋಡಿದ. ಕಪ್ಪಿನಲ್ಲಿ ಅದು ಸುಟ್ಟಂತೆ ಕಂಡಿತು, ಹಳದಿಯಲ್ಲಿ ಇನ್ನೂ ಬಿಳಿಚಿತು. ಗುಲಾಬಿ ಗಾಜಿನಲ್ಲಿ ಕೆಂಡವಾಯಿತು.

"ಇದನ್ನ ಕೊಡು."

"ಯಜಮಾನ್ರ, ಅದು ಕಾಲೇಜ್ ಹುಡುಗ್ಯಾರು ಹಾಕೋದ್ರಿ."

"ನನಗಲ್ಲೋ ಮಾರಾಯ. ನಮ್ಮ ಮಾಲು ಕೊಳ್ಳೋ ಸಾವಕಾರ್ರಿಗ."

ಮರುದಿನ ಮಾರುಕಟ್ಟೆಯ ಬಾಗಿಲಲ್ಲೇ ಕನ್ನಡಕ ಕೊಟ್ಟ. ಸಾವಕಾರರು ಖುಷಿಯಿಂದ ಹಾಕಿಕೊಂಡು ಗುಡ್ಡಪ್ಪನ ರಾಶಿಯತ್ತ ಹೊರಟವರು, ಅದರ ಈಚೆಗಿದ್ದ ಪಕ್ಕದೂರಿನವನ ರಾಶಿಯ ಮುಂದೆ ನಿಂತುಬಿಟ್ಟರು. ಬೆಳಗಿನಿಂದ ಅದನ್ನು ಯಾರೂ ಕೇಳಿರಲಿಲ್ಲ.

"ಏನ್ ಬಣ್ಣಪಾ ಇದು. ಪೂರಾ ತೂಕಕ್ಕ ಹಾಕ್ರಿ, ಇವತ್ತಿನ ಖರೀದಿ ಇಷ್ಟಕ್ಕ ಸಾಕು."