ಸೀಸ ಸೊನ್ನೆ

ನೀರಿನಲ್ಲಿ ಸೀಸವಿರಲಿಲ್ಲ. ಕಾವ್ಯಳ ರಕ್ತದಲ್ಲಿತ್ತು.

ತುಮಕೂರಿನ ಲ್ಯಾಬಿನಿಂದ ಬಂದ ಎರಡೂ ರಿಪೋರ್ಟುಗಳನ್ನು ಮಲ್ಲಿಕಾರ್ಜುನ್, ಪೊಲೀಸಿನವನು ಕಳ್ಳಮಾಲು ಹರಡುವ ಹಾಗೆ ಊಟದ ಮೇಜಿನ ಮೇಲೆ ಹರಡಿದ. ಐದು ತಿಂಗಳ ಬಸುರಿ ಹೆಂಡತಿ ಎದುರಿಗೆ ನಿಂತಿದ್ದಳು.

"ನನ್ನ ಫಿಲ್ಟರ್ ನೀರಲ್ಲಿ ಸೀಸ ಸೊನ್ನೆ. ನಿನ್ನ ಮೈಯಲ್ಲಿ ಮಾತ್ರ ಇಳಿದೇ ಇಲ್ಲ. ಕದ್ದು ಎಲ್ಲಿ ನೀರು ಕುಡೀತೀಯ, ಹೇಳು."

"ಎಲ್ಲೂ ಇಲ್ಲ ರೀ."

"ಹಂಗಾದ್ರೆ ನನ್ನ ಫಿಲ್ಟರ್ ಸುಳ್ಳು ಹೇಳ್ತಾ?"

ಫಿಲ್ಟರ್ ಸುಳ್ಳು ಹೇಳುವುದಿಲ್ಲ, ಹೆಂಡತಿ ಹೇಳುತ್ತಾಳೆ. ಗುಬ್ಬಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಪಾಠ ಹೇಳುತ್ತಿದ್ದ ಮಲ್ಲಿಕಾರ್ಜುನನ ವಿಜ್ಞಾನ ಅಷ್ಟು ಖಚಿತವಾಗಿತ್ತು.

ಅವರ ಬೀದಿಯ ಹಿಂದೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡೊಂದಿತ್ತು. ಶೆಡ್ಡು ಮುಚ್ಚಿತು, ಸೀಸ ಬೋರ್‌ವೆಲ್ಲಿಗೆ ಇಳಿಯಿತು. ಹೊಟ್ಟೆಯೊಳಗಿನ ಮಗುವಿಗೆ ಅಪಾಯ, ಬೇರೆ ನೀರು ಕೊಡಿ ಎಂದರು ಡಾಕ್ಟರಮ್ಮ. ಕ್ಯಾನ್ ನೀರು ತರಿಸಿದ್ದರೆ ಮುಗಿಯುತ್ತಿತ್ತು. ಆದರೆ ಕ್ಯಾನ್ ನೀರು ತರಿಸಿದವನಿಗೆ ಯಾರೂ ಶಾಲು ಹೊದಿಸುವುದಿಲ್ಲ.

ಫಿಲ್ಟರಿಗೆಂದು ಮಲ್ಲಿಕಾರ್ಜುನ್ ಬೆಳ್ಳಾವಿಯ ಇಟ್ಟಿಗೆ ಗೂಡಿನಿಂದ ಜೇಡಿಮಣ್ಣು ತಂದ. ರಾಗಿ ಹೊಟ್ಟು ಕಲಸಿ, ತೆಳ್ಳಗೆ ಬಿಲ್ಲೆ ತಟ್ಟಿ ಸುಟ್ಟ. ಡ್ರಮ್ಮಿನೊಳಗೆ ಬಿಲ್ಲೆಯ ಮೇಲೆ ಬಿಲ್ಲೆ, ನಡುವೆ ನುಗ್ಗೆ ಬೀಜದ ಪುಡಿ. ನೀರು ತಳಕ್ಕೆ ಇಳಿಯುವಷ್ಟರಲ್ಲಿ ಮಣ್ಣು ಸೀಸವನ್ನೆಲ್ಲ ಹಿಡಿದುಕೊಳ್ಳುತ್ತಿತ್ತು. ವಾರಕ್ಕೊಮ್ಮೆ ಹಳೇ ಬಿಲ್ಲೆಗಳನ್ನು ಮಹಡಿಯ ಮೇಲೆ ಒಣಹಾಕಿ, ಹೊಸವನ್ನು ಜೋಡಿಸುವುದು. ಅಗ್ಗ, ಸುಲಭ, ಫೋಟೋಗೂ ಚೆನ್ನ.

"ಹುಳಿ ಸೋಕಿದರೆ ಈ ಮಣ್ಣು ಹಿಡಿದದ್ದನ್ನೆಲ್ಲ ಬಿಟ್ಟುಬಿಡುತ್ತದೆ, ಹುಷಾರು" ಎಂದು ತುಮಕೂರಿನ ಸೆಮಿನಾರಿನಲ್ಲಿ ಎಚ್ಚರಿಸಿದ. ಚಪ್ಪಾಳೆ ಬಿತ್ತು. ಮನೆಯಲ್ಲಿ ಹೇಳಲಿಲ್ಲ. ಅಲ್ಲಿ ಚಪ್ಪಾಳೆ ತಟ್ಟುವವರಿರಲಿಲ್ಲ.

ಕೋರ ಎಂಬ ಹಳ್ಳಿಯ ಹುಡುಗಿ ಕಾವ್ಯ, ಮೊದಲ ಲೋಟವನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ್ದಳು. "ಮಳೆ ಬಿದ್ದಂಗೆ ಘಮ್ ಅಂತೈತೆ ರೀ." ಅದನ್ನೂ ಅವನು ಪ್ರಶಸ್ತಿಗಳ ಲೆಕ್ಕಕ್ಕೇ ಸೇರಿಸಿಕೊಂಡ.

ಈಗ ಬೇಕಾಗಿದ್ದ ಸಾಕ್ಷಿಯನ್ನು ತಾಯಿ ಸರ್ವಮಂಗಳಮ್ಮ ಒದಗಿಸಿದರು.

"ದಿನಾ ಮಧ್ಯಾಹ್ನ ಪಕ್ಕದ ಮಸ್ತಾನ್ ಬೀ ಮನೆಗೆ ಹೋಯ್ತಾಳೆ ಕಣೋ. ಬರುವಾಗ ಸೆರಗಲ್ಲಿ ಬಾಯಿ ಒರೆಸ್ಕೊಂಡು ಬರ್ತಾಳೆ. ಶಿವನೇ, ಮೊಟ್ಟೆ ಗಿಟ್ಟೆ ತಿನ್ನಿಸ್ತಾವ್ಳೋ ಏನೋ!"

ತಾಯಿಯ ಚಿಂತೆ ಮೊಟ್ಟೆಯದು, ಮಗನದು ನೀರಿನದು. ಮಸ್ತಾನ್ ಬೀಯ ಹಳೇ ಮಣ್ಣುಗೋಡೆಯ ಮನೆಗೆ ಬರುವುದೂ ಅದೇ ಬೋರ್‌ವೆಲ್ ನೀರು. ಅವನು ನೇರವಾಗಿ ಹೋಗಿ ಬಾಗಿಲಲ್ಲಿ ನಿಂತ.

"ನಮ್ಮನೆಯವಳಿಗೆ ಏನು ಕೊಡ್ತಿದೀರಿ?"

ಮಸ್ತಾನ್ ಬೀ ನಕ್ಕಳು. "ನಾನೇನು ಕೊಡ್ಲಿ ಮೇಷ್ಟ್ರೇ, ಅವಳೇ ತಗೋತಾಳೆ. ಬಿಮ್ಮನ್ಸೆ ಆಸೆ, ಬಸ್ರಿ ಬಯಕೆ. ಗಂಡಸ್ರಿಗೆ ಯಾಕೆ ಆ ಸುದ್ದಿ?"

"ಇನ್ಮೇಲೆ ಅವಳು ಬರಲ್ಲ."

"ಹಂಗಾದ್ರೆ ನೀವೇ ತಂದ್ಕೊಡಿ. ಬಯಕೆ ಬೀಗ ಹಾಕಿದ್ರೆ ನಿಲ್ಲಾಕಿಲ್ಲ."

ಗೇಟಿಗೆ ಬೀಗ ಬಿತ್ತು. ಕೀ ಅವನ ಜೇಬಿಗೆ.

"ಒಂದು ಗಳಿಗೆ ಹೋಗ್ಬತ್ತೀನಿ ರೀ. ತಡಿಯಾಕಾಗ್ತಿಲ್ಲ."

"ಎಂಥ ಹಳ್ಳಿ ಗುಗ್ಗು ನೀನು! ವಿಷದ ನೀರಿಗೆ ಇಷ್ಟು ಚಪಲವಾ? ನಾಲ್ಕು ಜನರ ಮುಂದೆ ಹೇಳಿದ್ರೆ ನಗ್ತಾರೆ."

ನಾಲ್ಕು ಜನರ ಮುಂದೆ ಹೇಳಿಯೂ ಹೇಳಿದ. ಸ್ಟಾಫ್ ರೂಮು ನಕ್ಕಿತು. ಅಂದಿನಿಂದ ಕಾವ್ಯ ಏನನ್ನೂ ಕೇಳಲಿಲ್ಲ. ಮೊದಲ ಕೆಲವು ದಿನ ಚಡಪಡಿಸಿದಳು, ಆಮೇಲೆ ತಣ್ಣಗಾದಳು. ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಒಣಹಾಕಲು ಮಹಡಿಗೆ ಹೋದರೆ ಬೇಗ ಇಳಿದು ಬರುತ್ತಿರಲಿಲ್ಲ. ಬಂದಾಗ ಮುಖದಲ್ಲಿ ಒಂದು ತೃಪ್ತಿ. ಶಿಸ್ತು ಎಂದರೆ ಇದು ಎಂದುಕೊಂಡ ಮಲ್ಲಿಕಾರ್ಜುನ್.

ಮುಂದಿನ ತಿಂಗಳ ರಿಪೋರ್ಟಿನಲ್ಲಿ ಸೀಸ ದುಪ್ಪಟ್ಟಾಗಿತ್ತು. "ಮಗು ಬೆಳೀತಾ ಇಲ್ಲ. ಹೀಗೇ ಏರಿದರೆ ಉಳಿಯೋದು ಕಷ್ಟ. ಏನು ಕೊಡ್ತಿದೀರಿ ಇವರಿಗೆ?" ಎಂದು ಡಾಕ್ಟರಮ್ಮ ರೇಗಿದರು. ಅವನು ರಿಪೋರ್ಟು ಮಡಚಿ, ಗೇಟಿನ ಕೀ ಇದ್ದ ಜೇಬಿಗೇ ಹಾಕಿಕೊಂಡ.

ಮರುದಿನ ಕಾಲೇಜಿಗೆ ಹೊರಡಲು ಗೇಟಿನ ಬೀಗ ತೆಗೆಯುವಾಗ, ಆಚೆ ಕಡೆ ಮಸ್ತಾನ್ ಬೀ ಪೇಪರಿನ ಪೊಟ್ಟಣ ಹಿಡಿದು ನಿಂತಿದ್ದಳು.

"ಬೈದ್ರೆ ಬೈರಿ ಮೇಷ್ಟ್ರೇ, ಇದನ್ನ ಕಾವ್ಯಮ್ಮಂಗೆ ಕೊಡಿ. ಕುಣಿಗಲ್ ಸಂತೇಲಿ ಸಿಕ್ತು. ನಮ್ಮನೆ ಗೋಡೆ ಕೆರೆದೂ ಕೆರೆದೂ ತೂತು ಮಾಡಿಟ್ಟವ್ಳೆ ನಿಮ್ಮ ಹೆಂಡ್ತಿ."

ಅವನು ಪೊಟ್ಟಣ ಬಿಚ್ಚಿದ. ಸುಟ್ಟ ಮಣ್ಣಿನ ಚೂರುಗಳು.

"ಹಿಂಗ್ಯಾಕೆ ನೋಡ್ತೀರಾ? ಮಣ್ಣು ತಿನ್ನೋ ಬಯಕೆ. ನಂಗೂ ಇತ್ತು. ಪಾಪ, ಇಷ್ಟು ದಿನ ಮಣ್ಣಿಲ್ದೆ ಹೆಂಗೆ ತಡ್ಕೊಂಡ್ಳೋ!"

ಮಹಡಿಯ ಮೇಲೆ, ಹಳೇ ಬಿಲ್ಲೆ ಒಣಗುವ ಕಡೆ, ಏನೋ ಕಟುಂ ಎಂದಿತು.